ಎಸಿ ತಣ್ಣಗಾಗುತ್ತಿಲ್ಲವೇ? ಕಂಪ್ರೆಸರ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಕಾರಿನ ಎಸಿಯಲ್ಲಿ ಬಿಸಿ ಗಾಳಿ ಬಂತು ಅಂದರೆ ಸಾಕು, 'ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು' ಅನ್ನುವ ಗ್ಯಾರೇಜುಗಳು ಬೇಕಾದಷ್ಟಿವೆ. ಕಂಪ್ರೆಸರ್ ಅಂದರೆ ಎಸಿಯ ಗ್ಯಾಸನ್ನು ಒತ್ತಿ ಓಡಿಸುವ ಪಂಪ್, ಅದನ್ನು ಬದಲಿಸುವುದು ಸಾವಿರಗಟ್ಟಲೆ ದುಡ್ಡಿನ ಮಾತು. ಎಷ್ಟೋ ಸಲ ತೊಂದರೆ ಇರುವುದು ಗ್ಯಾಸ್, ರಿಲೇ (ಕರೆಂಟ್ ಬಿಡುವ ಪುಟ್ಟ ಸ್ವಿಚ್) ಅಥವಾ ಫ್ಯಾನಿನಲ್ಲಿ. ಹಾಗಾಗಿ ಹೂಂ ಅನ್ನುವ ಮೊದಲು ನೀವೇ ನೋಡಿಕೊಳ್ಳಿ. ಇದು ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಮಾತ್ರ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಹೈ ವೋಲ್ಟೇಜ್ ಇರುತ್ತದೆ, ಮುಟ್ಟಲೇಬೇಡಿ.

ಕಾರನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಓಡುತ್ತಿರಲಿ. ಬಾನೆಟ್ ಎತ್ತಿ, ಕೈ ಮತ್ತು ಬಟ್ಟೆ ಬೆಲ್ಟಿನಿಂದ ದೂರ ಇಟ್ಟುಕೊಂಡು, ಕಂಪ್ರೆಸರ್‌ನ ಮುಂಭಾಗ ನೋಡಿ. ಪುಲ್ಲಿ ಬೆಲ್ಟಿನ ಜೊತೆ ಯಾವಾಗಲೂ ತಿರುಗುತ್ತಲೇ ಇರುತ್ತದೆ, ಆದರೆ ಅದರ ಮುಂದಿರುವ ತಟ್ಟೆ ಎಸಿ ಆಫ್ ಇದ್ದಾಗ ನಿಂತೇ ಇರುತ್ತದೆ. ಒಳಗೆ ಕೂತವರು ಎಸಿ ಬಟನ್ ಒತ್ತಿದ ಕೂಡಲೇ ಆ ತಟ್ಟೆ ಟಕ್ ಅಂತ ಪುಲ್ಲಿಗೆ ಅಂಟಿಕೊಂಡು ಒಟ್ಟಿಗೆ ತಿರುಗಬೇಕು. ಅದೇ ಕಂಪ್ರೆಸರಿನ ಕ್ಲಚ್. ಕೆಲವು ಕಾರುಗಳ ಕಂಪ್ರೆಸರಿನಲ್ಲಿ ಈ ಕ್ಲಚ್ಚೇ ಇರುವುದಿಲ್ಲ, ಅವುಗಳಲ್ಲಿ ಈ ಸದ್ದು ಬರದಿದ್ದರೆ ಗಾಬರಿ ಬೇಡ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಕಂಪ್ರೆಸರ್ ಎಷ್ಟು ಪಂಪ್ ಮಾಡಬೇಕು ಅಂತ ಹತೋಟಿ ಮಾಡುವ ಕಂಟ್ರೋಲ್ ವಾಲ್ವ್ ನೋಡಿಸಿ.

ತಟ್ಟೆ ಅಂಟುತ್ತಲೇ ಇಲ್ಲವೇ? ಮೊದಲು ಫ್ಯೂಸ್ ನೋಡಿ. ಆಮೇಲೆ ಎಸಿ ರಿಲೇ ತೆಗೆದು, ಅದೇ ನಂಬರಿನ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನಿನದ್ದು, ಅಲ್ಲಿ ಕೂರಿಸಿ ನೋಡಿ. ಆಗಲೂ ಅಂಟದಿದ್ದರೆ ಗ್ಯಾಸ್ ಖಾಲಿಯಾಗಿರಬಹುದು. ಗ್ಯಾಸ್ ತೀರಾ ಕಡಿಮೆಯಾದಾಗ ಪ್ರೆಷರ್ ಸ್ವಿಚ್ ಕ್ಲಚ್ಚಿಗೆ ಕರೆಂಟೇ ಬಿಡುವುದಿಲ್ಲ, ಕಂಪ್ರೆಸರ್ ಹಾಳಾಗಬಾರದು ಅಂತಲೇ ಈ ವ್ಯವಸ್ಥೆ. ಕೆಲವೇ ಸೆಕೆಂಡಿಗೊಮ್ಮೆ ಟಕ್ ಟಕ್ ಅಂತ ಬಿಟ್ಟು ಹಿಡಿಯುತ್ತಿದ್ದರೂ ಸಾಮಾನ್ಯವಾಗಿ ಗ್ಯಾಸ್ ಕಡಿಮೆ ಅಂತಲೇ ಅರ್ಥ.

ಹೈವೇಯಲ್ಲಿ ತಣ್ಣಗೆ, ಸಿಗ್ನಲ್ಲಿನಲ್ಲಿ ಬಿಸಿ ಅಂದರೆ ಮೊದಲು ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ, ರೇಡಿಯೇಟರಿನಂಥ ಭಾಗ) ಫ್ಯಾನ್ ತಿರುಗುತ್ತಿದೆಯೇ ನೋಡಿ.

ಸದ್ದನ್ನೂ ಕೇಳಿಸಿಕೊಳ್ಳಿ. ಎಸಿ ಆಫ್ ಇದ್ದಾಗಲೂ ಗರಗರ ಅಂದರೆ ಪುಲ್ಲಿ ಬೇರಿಂಗ್ ಇರಬಹುದು, ಅದೊಂದನ್ನೇ ಬದಲಿಸಲು ಆಗುತ್ತದೆಯೇ ಅಂತ ಕೇಳಿ. ಆನ್ ಮಾಡಿದಾಗ ಮಾತ್ರ ಕಟಕಟ ಅಂದರೆ ಕಂಪ್ರೆಸರ್ ಮೇಲೇ ಅನುಮಾನ ಪಡಬೇಕು.

ಖಚಿತವಾಗಿ ಹೇಳುವುದು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಮಾತ್ರ. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಆದರೆ ಪಕ್ಕದಲ್ಲೇ ನಿಂತು ನೋಡಿ. ಆರ್‌134ಎ ಗ್ಯಾಸಿನ ಕಾರಿನಲ್ಲಿ ಎಸಿ ಓಡುವಾಗ ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ಬರುವ ಕಡೆ) ಒತ್ತಡ ಸುಮಾರು 25ರಿಂದ 45 ಪಿಎಸ್‌ಐ, ಹೈ ಸೈಡ್ (ಕಂಪ್ರೆಸರಿನಿಂದ ಹೊರಡುವ ಕಡೆ) ಸುಮಾರು 150ರಿಂದ 250 ಇರುತ್ತದೆ, ಬಿಸಿಲು ಜಾಸ್ತಿ ಇದ್ದಷ್ಟೂ ಏರುತ್ತದೆ. ಎರಡೂ ಕಡಿಮೆ ಇದ್ದರೆ ಸಾಮಾನ್ಯವಾಗಿ ಗ್ಯಾಸ್ ಸೋರಿದೆ. ಎರಡೂ ಜಾಸ್ತಿ ಇದ್ದರೆ ಫ್ಯಾನ್, ಕೊಳೆ ಹಿಡಿದ ಕಂಡೆನ್ಸರ್ ಅಥವಾ ಮಿತಿಮೀರಿ ತುಂಬಿದ ಗ್ಯಾಸ್. ಕ್ಲಚ್ ಅಂಟಿದ್ದು, ಗ್ಯಾಸ್ ಸರಿಯಿದ್ದು, ಲೋ ಸೈಡ್ ಏರಿ ಹೈ ಸೈಡ್ ಇಳಿದು, ಆಕ್ಸಿಲರೇಟರ್ ಒತ್ತಿದರೂ ಎರಡು ಮುಳ್ಳುಗಳೂ ದೂರ ಸರಿಯದಿದ್ದರೆ, ಆಗ ಕಂಪ್ರೆಸರ್ ಪಂಪ್ ಮಾಡುತ್ತಿಲ್ಲ ಅಂತ ಒಪ್ಪಿಕೊಳ್ಳಬಹುದು.

ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ, ಪೈಪಿನ ಜಾಯಿಂಟಿನಲ್ಲಿ ಧೂಳು ಮೆತ್ತಿದ ಎಣ್ಣೆ ಕಲೆ ಇದೆಯೇ ನೋಡಿ. ಲೀಕ್ ಹುಡುಕದೆ ಸುಮ್ನೆ ಗ್ಯಾಸ್ ತುಂಬಿಸಬೇಡಿ.

ಕಂಪ್ರೆಸರ್ ಬದಲಿಸಲೇಬೇಕಾಯಿತು ಅನ್ನಿ. ಹಳೆಯದರ ಎಣ್ಣೆ ತೋರಿಸಲು ಹೇಳಿ. ಅದು ಕಪ್ಪಗಿದ್ದು ಲೋಹದ ಪುಡಿ ಮಿನುಗುತ್ತಿದ್ದರೆ ಲೈನ್ ಫ್ಲಷ್ ಮಾಡಿಸಿ, ಡ್ರೈಯರ್ (ಗ್ಯಾಸಿನ ತೇವ ಹೀರುವ ಭಾಗ), ಎಕ್ಸ್‌ಪ್ಯಾನ್ಶನ್ ವಾಲ್ವ್ (ಗ್ಯಾಸಿನ ಒತ್ತಡ ಇಳಿಸುವ ಭಾಗ) ಹೊಸದು ಹಾಕಿಸಿ, ಬಹಳ ಸಲ ಕಂಡೆನ್ಸರ್ ಕೂಡ ಬೇಕಾಗುತ್ತದೆ. ಇಲ್ಲದಿದ್ದರೆ ಅದೇ ಪುಡಿ ಹೊಸ ಕಂಪ್ರೆಸರ್ ಒಳಗೂ ಸೇರುತ್ತದೆ.