ಚುಕ್ಕಿ ಹಾಕಿ, ಗೆರೆ ಎಳೆಯಬೇಡಿ: ಹಳೆ ಕಾರಿನ ಫ್ಲೋರ್‌ಗೆ ತಗಡಿನ ತೇಪೆ

ಹಳೆ ಮಾರುತಿ 800 ಇದ್ದವರ ಮನೆಯಲ್ಲಿ ಈ ದೃಶ್ಯ ಸಾಮಾನ್ಯ. 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು, ಅದಕ್ಕೆ ಮೊದಲು ಕಾರನ್ನು ಒಮ್ಮೆ ನೋಡೋಣ ಅಂತ ಮುಂದಿನ ಕಾರ್ಪೆಟ್ ಎತ್ತುತ್ತಾರೆ. ಕೆಳಗೆ ರಸ್ತೆ ಕಾಣುತ್ತದೆ. ಕರಾವಳಿಯ ಕಾರಾದರೆ ಕೇಳುವುದೇ ಬೇಡ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಒಣಗದ ಮ್ಯಾಟು, ಮೂರೂ ಸೇರಿ ತಗಡನ್ನು ಹಪ್ಪಳ ಮಾಡಿರುತ್ತವೆ.

ತುಕ್ಕು ಹಿಡಿದದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವ ಈ ತೇಪೆ ಕೆಲಸ ಮನೆಯ ಪೋರ್ಟಿಕೋದಲ್ಲೇ ಆಗುತ್ತದೆ. ಆದರೆ ಕೆಡಿಸಿಕೊಂಡವರೇ ಜಾಸ್ತಿ, ಮತ್ತು ಎಲ್ಲರೂ ಕೆಡಿಸಿಕೊಳ್ಳುವುದು ಒಂದೇ ಜಾಗದಲ್ಲಿ. ಆ ಜಾಗಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಎಲ್ಲಿ ಕೈ ಹಾಕಬಾರದು

ಫ್ಲೋರ್‌ನ ಬಯಲು ಭಾಗದಲ್ಲಿ ಅಂಗೈಯಗಲ ತೂತಿದ್ದರೆ ನೀವೇ ಮಾಡಿ. ಸೀಟು ಬೋಲ್ಟ್ ಆಗುವ ಜಾಗ, ಸೀಟ್ ಬೆಲ್ಟ್ ಹಿಡಿದಿರುವ ಜಾಗ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಸಿಲ್, ಸಸ್ಪೆನ್ಷನ್ ಕೂರುವ ಜಾಗ, ಇವುಗಳನ್ನು ಅನುಭವಸ್ಥ ಟಿಂಕರ್‌ಗೆ ಬಿಡಿ. 800ಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಲ್ಲಿ ವೆಲ್ಡ್ ಬಿಟ್ಟರೆ ಅಂದ ಕೆಡುವುದಲ್ಲ, ಜೀವಕ್ಕೆ ಬರುತ್ತದೆ. ತೂತು ಎಷ್ಟು ದೊಡ್ಡದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಕ್ರೂಡ್ರೈವರ್‌ನಿಂದ ಸುತ್ತ ಚುಚ್ಚುತ್ತಾ ಹೋಗಿ. ಠಣ್ ಅಂದರೆ ಗಟ್ಟಿ, ಪುಸಕ್ ಅಂದರೆ ಹೋಗಿದೆ. ಎರಡಿಂಚು ಅಂದುಕೊಂಡದ್ದು ಎಂಟಿಂಚು ಆಗುವುದು ಮಾಮೂಲು, ಗಾಬರಿಯಾಗಬೇಡಿ.

ಏನೇನು ಬೇಕು

ಗ್ಯಾಸ್ ಹಾಕುವ ಮಿಗ್ ಮೆಷಿನ್ (ಟ್ರಿಗರ್ ಒತ್ತಿದರೆ ವೈರ್ ತಾನೇ ಬಂದು ಕರಗುವ ವೆಲ್ಡಿಂಗ್ ಯಂತ್ರ), 0.8 ಅಥವಾ 0.6 ಮಿ.ಮೀ. ವೈರ್, ಆರ್ಗಾನ್ ಮತ್ತು ಕಾರ್ಬನ್ ಡೈ ಆಕ್ಸೈಡ್ ಬೆರೆಸಿದ ಸಿಲಿಂಡರ್. ಕಾರ್ಬನ್ ಡೈ ಆಕ್ಸೈಡ್ ಒಂದರಿಂದಲೂ ನಡೆಯುತ್ತದೆ, ಕಿಡಿ ಸ್ವಲ್ಪ ಜಾಸ್ತಿ ಹಾರುತ್ತದೆ ಅಷ್ಟೇ. 'ಮನೆಯಲ್ಲಿ ಗೇಟು ಮಾಡಿದ ಆರ್ಕ್ ಮೆಷಿನ್ ಇದೆ, ಅದರಲ್ಲೇ ಮಾಡ್ತೀನಿ' ಅನ್ನುವವರಿಗೆ ನನ್ನ ಉತ್ತರ ಒಂದೇ: ಬೇಡ. 800ರ ಫ್ಲೋರ್ ತಗಡು ಒಂದು ಮಿಲಿಮೀಟರ್ ಕೂಡ ದಪ್ಪ ಇಲ್ಲ. ಎರಡೂವರೆ ಮಿ.ಮೀ. ರಾಡ್ ಉರಿಯುವ ಕರೆಂಟಿಗೆ ಅದು ಬೆಣ್ಣೆ. ಗ್ಯಾಸ್ ಬೇಡದ ಫ್ಲಕ್ಸ್ ವೈರ್ ಮೆಷಿನ್‌ಗಳನ್ನೂ ಆನ್‌ಲೈನ್‌ನಲ್ಲಿ ಭರ್ಜರಿಯಾಗಿ ಮಾರುತ್ತಾರೆ. ಗೇಟಿಗೆ ಓಕೆ. ತೆಳು ತಗಡಿಗೆ ಅದರ ಬಿಸಿಯೂ ಜಾಸ್ತಿ, ಗಲೀಜೂ ಜಾಸ್ತಿ.

ತಗಡು ಸಿಆರ್ ಶೀಟ್ (ಸತು ಲೇಪಿಸದ ನುಣುಪು ಉಕ್ಕಿನ ತಗಡು) ಆಗಿರಲಿ, 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪ. ಫ್ಲೋರ್‌ಗಿಂತ ಒಂದು ಕೂದಲು ದಪ್ಪ, ವೆಲ್ಡ್ ಮಾಡಲು ಸುಲಭ. ಮಾಡಿಗೆ ಹಾಕಿ ಉಳಿದ ಜಿಐ ಶೀಟ್ ತುಂಡು ಮೂಲೆಯಲ್ಲಿ ಬಿದ್ದಿದೆ ಅಂತ ಎತ್ತಿಕೊಳ್ಳಬೇಡಿ. ಅದರ ಮೇಲಿನ ಸತು ಸುಟ್ಟಾಗ ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಹಿಡಿಯುತ್ತದೆ. ವೆಲ್ಡರ್‌ಗಳು ಹಿಂದಿನಿಂದಲೂ ಕಂಡ ಕಾಯಿಲೆ ಅದು.

ಹೆಲ್ಮೆಟ್‌ಗೆ ಮಾತ್ರ ಜುಗ್ಗತನ ಬೇಡ. ತಾನೇ ಕಪ್ಪಾಗುವ ಗಾಜಿನದು ಕೊಳ್ಳಿ, ಅದರ ಕಪ್ಪಿನ ಮಟ್ಟ, ಅಂದರೆ ಶೇಡ್, 10ಕ್ಕೆ ಇಡಿ. ಕೂಲಿಂಗ್ ಗ್ಲಾಸ್ ಹಾಕಿ 'ಒಂದೇ ಚುಕ್ಕಿ ತಾನೇ' ಅಂದವರು ಆ ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಒದ್ದಾಡುತ್ತಾರೆ. ಬಟ್ಟೆ ದಪ್ಪ ಹತ್ತಿಯದು, ತುಂಬು ತೋಳಿನದು. ನೈಲಾನ್ ಟೀ ಶರ್ಟ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಬೆಂಕಿಯ ಲೆಕ್ಕ

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಕಾರಾದರೆ ಎಂಜಿನ್ ನಡೆಸುವ ಕಂಪ್ಯೂಟರ್‌ನ (ಇಸಿಎಂ) ಕನೆಕ್ಟರ್ ಕೂಡ. ಸೀಟು, ಕಾರ್ಪೆಟ್ ಪೂರ್ತಿ ಹೊರಗೆ, ಮಡಚಿ ಪಕ್ಕಕ್ಕಲ್ಲ. ಫ್ಲೋರ್ ಮೇಲೆ ಸದ್ದು ತಡೆಯಲು ಅಂಟಿಸಿದ ಡಾಂಬರಿನಂಥ ಹಾಳೆ ಇರುತ್ತದೆ. ವೆಲ್ಡ್ ಆಗುವ ಜಾಗದ ಸುತ್ತ ಅರ್ಧ ಅಡಿ ಅದನ್ನು ಕೆರೆದು ತೆಗೆಯಿರಿ, ಕೆಳಗಿನ ಕಪ್ಪು ಕೋಟಿಂಗ್ ಕೂಡ. ಎರಡೂ ಚೆನ್ನಾಗಿ ಉರಿಯುತ್ತವೆ.

ಪೆಟ್ರೋಲ್ ಟ್ಯಾಂಕ್ ಹಿಂದೆ, ಎಂಜಿನ್ ಮುಂದೆ. ಅಂದರೆ ನಡುವಿನ ಪೈಪು ನಿಮ್ಮ ಫ್ಲೋರ್ ಕೆಳಗೇ ಹೋಗಬೇಕು, ಅಲ್ವಾ? ಕಾರಿನ ಅಡಿ ಮಲಗಿ ಅದು ಎಲ್ಲಿದೆ ಅಂತ ನೋಡದೆ ಟ್ರಿಗರ್ ಒತ್ತಬೇಡಿ. ಬ್ರೇಕ್ ಪೈಪೂ ಅದರ ಜೊತೆಗೇ ಇರುತ್ತದೆ. ತೂತಿನ ಹತ್ತಿರ ಇದ್ದರೆ ಬಿಚ್ಚಿ ಸರಿಸಬೇಕು, ಅದು ಆಗದಿದ್ದರೆ ಈ ಕೆಲಸ ನಿಮ್ಮದಲ್ಲ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇದ್ದರೂ ಅಷ್ಟೇ. ಪುಡಿಯ ಅಗ್ನಿಶಾಮಕ ಕೈಗೆ ಸಿಗುವಲ್ಲಿರಲಿ. ನೀವು ಒಳಗೆ ವೆಲ್ಡ್ ಮಾಡುವಾಗ ಹೊರಗೆ ಕೆಳಗಡೆ ನೋಡಲು ಇನ್ನೊಬ್ಬರು ಇರಲಿ. ಹೆಲ್ಮೆಟ್ ಒಳಗಿನಿಂದ ಬೆಂಕಿ ಕಾಣುವುದೇ ಇಲ್ಲ. ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾರಿನ ಹತ್ತಿರವೇ ಇರಿ.

ಇನ್ನೊಂದು. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತಗಡು ಒರೆಸಿ ವೆಲ್ಡ್ ಮಾಡಬೇಡಿ. ಕೆಲವು ಡಬ್ಬಿಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ, ಆರ್ಕ್ (ವೈರ್ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆ) ತಾಗಿದರೆ ಅದು ಫಾಸ್‌ಜೀನ್ ಎಂಬ ವಿಷಾನಿಲವಾಗುತ್ತದೆ. ಗ್ರೈಂಡರ್ ಮತ್ತು ವೈರ್ ಬ್ರಷ್ ಸಾಕು.

ಕತ್ತರಿಸುವುದು, ಅಳತೆ

ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಒಂದು ಮಿ.ಮೀ. ಡಿಸ್ಕ್‌ನಲ್ಲಿ. ಗ್ರೈಂಡರ್‌ನ ಗಾರ್ಡ್ ತೆಗೆಯಬೇಡಿ. ಮೂಲೆಗಳು ದುಂಡಗಿರಲಿ. ತುಕ್ಕು ಉಳಿಸಿ ಅದರ ಮೇಲೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರ ಮಾಡುವ ದ್ರವ) ಬಳಿಯುವ ಆಸೆ ಬೇಡ, ಅದು ಮೇಲ್ಮೈ ತುಕ್ಕಿಗೆ ಮಾತ್ರ.

ಅಳತೆಗೆ ನನ್ನ ಖಾಯಂ ಸಾಮಾನು ಹಳೆ ಮದುವೆ ಕರೆಯೋಲೆ. ದಪ್ಪ ರಟ್ಟು, ಬಾಗುತ್ತದೆ, ಮನೆಯಲ್ಲಿ ರಾಶಿ ಇರುತ್ತದೆ. ತೂತಿನ ಮೇಲಿಟ್ಟು ಬೆರಳಿನಿಂದ ಅಂಚು ಒತ್ತಿದರೆ ಗುರುತು ಮೂಡುತ್ತದೆ. ಅದರಂತೆ ತಗಡು ಕತ್ತರಿಸಿ. ತೇಪೆ ತೂತಿನೊಳಗೆ ಕೂರಬೇಕು, ಸುತ್ತ ಅರ್ಧ ಮಿಲಿಮೀಟರಿನಷ್ಟು ಸಂದು ಬಿಟ್ಟು. ಮೇಲೆ ಹೊದಿಸಿದ ತೇಪೆ ಸುಲಭ ನಿಜ. ಆದರೆ ಎರಡು ತಗಡಿನ ನಡುವೆ ನೀರು ಕೂತು ಮತ್ತೆ ತುಕ್ಕು ಶುರುವಾಗುತ್ತದೆ. ನಾನಂತೂ ಹೊದಿಸುವುದಿಲ್ಲ.

ಈಗ ಆ ಜಾಗ

ನನ್ನ ಮೊದಲ ತೇಪೆಯಲ್ಲಿ ಮೂರಿಂಚು ಉದ್ದದ ಗೆರೆಯನ್ನು ಒಂದೇ ಉಸಿರಿಗೆ ಎಳೆದೆ. ನೋಡಲು ಬಲು ಚಂದ ಇತ್ತು. ಎರಡು ನಿಮಿಷದಲ್ಲಿ ತಗಡು ತಣ್ಣಗಾಗುತ್ತಾ ಸೊಟ್ಟಗಾಯಿತು. ಕಾಲಿಟ್ಟರೆ ಟಕ್ ಅಂತ ಕೆಳಗೆ, ತೆಗೆದರೆ ಟಕ್ ಅಂತ ಮೇಲೆ, ಎಣ್ಣೆ ಡಬ್ಬದ ತಳದ ಹಾಗೆ. ಪೂರ್ತಿ ಕತ್ತರಿಸಿ ಎಸೆದೆ. ಆಮೇಲೆ ಎಷ್ಟೋ ಜನ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ತಗಡು ಬಿಸಿಗೆ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಒಂದೇ ಕಡೆ ಬಿಸಿ ಸುರಿದರೆ ಆ ಕಡೆ ಮಾತ್ರ ಕುಗ್ಗಿ ಉಳಿದದ್ದನ್ನು ಎಳೆಯುತ್ತದೆ.

ಅದಕ್ಕೇ ಗೆರೆ ಇಲ್ಲ, ಬರೀ ಚುಕ್ಕಿ. ಅಂಗಳದ ರಂಗೋಲಿಗೆ ಇಡುವ ಹಾಗೆ, ಆದರೆ ಕೊನೆಗೂ ಗೆರೆ ಎಳೆಯುವಂತಿಲ್ಲ.

ಮೊದಲು ಕಾರಿನ ಹೊರಗೆ, ಅದೇ ದಪ್ಪದ ತುಂಡುಗಳ ಮೇಲೆ ಅಭ್ಯಾಸ ಮಾಡಿ. 40ರಿಂದ 60 ಆಂಪಿಯರ್ ಒಳಗೆ ಶುರು ಮಾಡಿ. ಚುಕ್ಕಿ ಹಾಕಿ ತಗಡು ತಿರುಗಿಸಿ ನೋಡಿ. ಹಿಂದೆ ಸಣ್ಣ ಉಬ್ಬು ಬಂದಿದ್ದರೆ ಸರಿ. ಮೇಲೆ ಮಾತ್ರ ಗೋಲಿಯ ಹಾಗೆ ಕೂತಿದ್ದರೆ ಬಿಸಿ ಸಾಲದು, ಅದು ಅಂಟಿಕೊಂಡಿದೆ ಅಷ್ಟೇ. ಕಿವಿಯೂ ಕೆಲಸ ಮಾಡಲಿ. ಒಗ್ಗರಣೆಯ ಸಾಸಿವೆ ಒಂದೇ ಸಮ ಚಟಪಟ ಅಂದ ಹಾಗೆ ಕೇಳಬೇಕು. ಪಟ್, ಪಟ್ ಅಂತ ಬಿಟ್ಟು ಬಿಟ್ಟು ಸಿಡಿದರೆ ವೈರ್ ವೇಗ ಸರಿಯಿಲ್ಲ.

ಅರ್ತ್ ಕ್ಲಾಂಪ್ ತೇಪೆಯ ಪಕ್ಕದಲ್ಲೇ, ಕೆರೆದು ಹೊಳೆಯುವ ಲೋಹದ ಮೇಲೆ ಹಾಕಿ. ಎಂಜಿನ್‌ಗೋ ಸಸ್ಪೆನ್ಷನ್‌ಗೋ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡಬಹುದು. ಫ್ಯಾನ್ ಆಫ್ ಮಾಡಿ. ಸೆಖೆ ಆಗುತ್ತದೆ, ಗೊತ್ತು. ಗಾಳಿ ಬೀಸಿದರೆ ವೆಲ್ಡ್ ಕಾಯುವ ಗ್ಯಾಸ್ ಹಾರಿಹೋಗಿ ಚುಕ್ಕಿಯೊಳಗೆ ನೀರ್ ದೋಸೆಯ ಹಾಗೆ ತೂತು ಬೀಳುತ್ತದೆ.

ಈಗ ತೇಪೆಯನ್ನು ಮ್ಯಾಗ್ನೆಟ್‌ನಿಂದ ಸಮಕ್ಕೆ ಹಿಡಿಸಿ. ಒಂದು ಮೂಲೆಗೆ ಒಂದು ಚುಕ್ಕಿ. ಟ್ರಿಗರ್ ಒಂದು ಸೆಕೆಂಡಿಗಿಂತ ಜಾಸ್ತಿ ಬೇಡ. ಮುಂದಿನದು ಅದರ ಎದುರು ಮೂಲೆಗೆ. ಆಮೇಲೆ ಉಳಿದೆರಡು ಮೂಲೆ, ಆಮೇಲೆ ನಾಲ್ಕು ಬದಿಗಳ ನಡುವೆ. ಪ್ರತಿ ಸಲ ತಗಡುಗಳು ಸಮವಾಗಿವೆಯಾ ಅಂತ ಬೆರಳಾಡಿಸಿ ನೋಡಿ, ಏಣಾದ ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಚುಕ್ಕಿಗಳ ನಡುವೆ ಒಂದಿಂಚು ಉಳಿಯುವ ತನಕ ಹೀಗೇ ಎದುರುಬದುರು ಸುತ್ತಿ. ಮತ್ತೆ ಆ ಒಂದಿಂಚಿನ ನಡುವೆ, ಮತ್ತೆ ಅದರ ನಡುವೆ. ಕೊನೆಗೆ ಪ್ರತಿ ಚುಕ್ಕಿ ಪಕ್ಕದ ಚುಕ್ಕಿಯ ಅರ್ಧ ಮೇಲೆ ಕೂತು ಸಂದು ಮುಚ್ಚಿರಬೇಕು.

ಚುಕ್ಕಿಯಿಂದ ಎರಡಿಂಚು ದೂರ ಅಂಗೈ ಇಡಲು ಆಗದಿದ್ದರೆ ನಿಲ್ಲಿಸಿ. ಚಹಾ ಕುಡಿದು ಬನ್ನಿ. ಬೇಗ ತಣಿಯಲಿ ಅಂತ ಒದ್ದೆ ಬಟ್ಟೆ ಒತ್ತುವುದನ್ನು ಕೆಲವರು ಕಲಿಸುತ್ತಾರೆ, ನನಗೆ ಅದು ಸೇರದು. ಅಂಗೈಯಗಲ ತೇಪೆಗೆ ಅರ್ಧ ದಿನ ಹಿಡಿಯುತ್ತದೆ. ವೆಲ್ಡ್ ಮಾಡಿದ್ದಕ್ಕಿಂತ ಕಾದದ್ದೇ ಜಾಸ್ತಿ ಆಗಿರುತ್ತದೆ.

ಆರ್ಕ್ ಹೊಸ ತಗಡಿನ ಕಡೆಗಿರಲಿ. ಹಳೆಯದು ತುಕ್ಕಿಗೆ ಸವೆದು ತೆಳ್ಳಗಾಗಿರುತ್ತದೆ, ನೇರ ಬಿಸಿ ತಡೆಯುವುದಿಲ್ಲ. ಆದರೂ ಎಲ್ಲೋ ಒಂದು ಕಡೆ ತೂತು ಬಿದ್ದೇ ಬೀಳುತ್ತದೆ. ಆಗ ಟ್ರಿಗರ್ ಒತ್ತಿಹಿಡಿದು ತುಂಬಲು ಹೋಗಬೇಡಿ. ಕಾಲಿಂಚಿನದು ಒಂದಿಂಚಾಗುತ್ತದೆ. ತಣಿಯಲು ಬಿಡಿ. ಹಿಂದೆ ದಪ್ಪ ತಾಮ್ರದ ತುಂಡು ಒತ್ತಿಹಿಡಿಯಲು ಹೇಳಿ. ವಾಟರ್ ಪೈಪಿನ ತಾಮ್ರವನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದರೂ ಸಾಕು. ವೆಲ್ಡ್ ತಾಮ್ರಕ್ಕೆ ಅಂಟುವುದಿಲ್ಲ, ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಹಿಡಿದವರಿಗೂ ಹೆಲ್ಮೆಟ್, ಗ್ಲೌಸ್ ಬೇಕು. ತೂತಿನ ಅಂಚಿನಿಂದ ಒಳಕ್ಕೆ ಒಂದೊಂದೇ ಚುಕ್ಕಿ ಸೇರಿಸುತ್ತಾ ಬನ್ನಿ.

ಉಳಿದದ್ದು

ಗ್ರೈಂಡರ್‌ಗೆ ಹಾಕುವ ಉಜ್ಜು ಕಾಗದದ ಎಸಳಿನ ಚಕ್ರ, ಅಂದರೆ 60 ಗ್ರಿಟ್ ಫ್ಲಾಪ್ ಡಿಸ್ಕ್‌ನಲ್ಲಿ ಉಬ್ಬು ಮಾತ್ರ ತೆಗೆಯಿರಿ, ತಗಡನ್ನಲ್ಲ. ಫ್ಲೋರ್ ಕನ್ನಡಿಯ ಹಾಗೆ ಇರಬೇಕಿಲ್ಲ, ಮೇಲೆ ಕಾರ್ಪೆಟ್ ಬರುತ್ತದೆ. ಕತ್ತಲಾದ ಮೇಲೆ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕು ಕಂಡಲ್ಲಿ ಇನ್ನೊಂದು ಚುಕ್ಕಿ. ಅಲ್ಲಿ ಪುಟ್ಟಿ ಮೆತ್ತಿದರೆ ಮುಂದಿನ ಮಳೆಗಾಲದೊಳಗೆ ಬಿಡುತ್ತದೆ.

ಎರಡೂ ಕಡೆ ಪ್ರೈಮರ್, ಅಂಚಿಗೆ ಸೀಮ್ ಸೀಲರ್ (ಸಂದಿಗೆ ನೀರು ನುಗ್ಗದಂತೆ ಬಳಿಯುವ ಅಂಟು), ಒಳಗೆ ಪೇಂಟ್, ಕೆಳಗೆ ಅಂಡರ್‌ಬಾಡಿ ಕೋಟಿಂಗ್. ಈ ಕ್ರಮದಲ್ಲೇ. ಉತ್ಸಾಹದಲ್ಲಿ ನೀರು ಹರಿದುಹೋಗಲು ಕಂಪನಿಯವರೇ ಬಿಟ್ಟ ತೂತುಗಳನ್ನೂ ಮುಚ್ಚಿಬಿಡುವವರಿದ್ದಾರೆ. ಅವು ತೆರೆದೇ ಇರಲಿ.

ಕಾರ್ಪೆಟ್ ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿದ ಮೇಲೆ ಹಾಸಿ. ಮೊದಲ ಜೋರು ಮಳೆಯ ಮರುದಿನ ಒಮ್ಮೆ ಎತ್ತಿ ಕೈಯಾಡಿಸಿ. ಒದ್ದೆ ಇದ್ದರೆ ತೇಪೆಯನ್ನು ಬೈಯುವ ಮುಂಚೆ ಮುಂದಿನ ಗಾಜಿನ ರಬ್ಬರ್ ನೋಡಿ. ಹಳೆ ಕಾರಿನಲ್ಲಿ ನೀರು ಹೆಚ್ಚಾಗಿ ಅಲ್ಲಿಂದಲೇ ಇಳಿಯುತ್ತದೆ.