ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್ ಬದಲಿಸಿದ ಮೇಲೆ ಗಾಡಿಯ ಪಿಕಪ್ ಎಲ್ಲಿ ಹೋಯಿತು?

ಗಾಡಿ 2002ರ ಶೆವರ್ಲೆ ಸಿಲ್ವೆರಾಡೊ 1500. ಎಂಜಿನ್ 5.3 ಲೀಟರ್ ವಿ8, ಎಳೆತ ಹಿಂದಿನ ಚಕ್ರಗಳಿಗೆ ಮಾತ್ರ, ಟೈರ್ 265/75ಆರ್16, ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.73. ಅದರ 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಟ್ರೇಲರ್ ಎಳೆದೆಳೆದು ಸೋತಿತ್ತು. ಅದನ್ನು ಇಳಿಸಿ 4ಎಲ್80ಇ ಹಾಕಿದೆ, ಜೊತೆಗೆ 2400 ಆರ್‌ಪಿಎಂ ಸ್ಟಾಲ್ ಎಂದು ಬರೆದಿದ್ದ ಹೊಸ ಟಾರ್ಕ್ ಕನ್ವರ್ಟರ್. ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ ಇದು; ಚಕ್ರ ತಿರುಗದಂತೆ ಹಿಡಿದಾಗ ಎಂಜಿನ್ ಏರಬಲ್ಲ ಗರಿಷ್ಠ ವೇಗವೇ ಸ್ಟಾಲ್. ಗೇರ್‌ಗಳು ಮೆತ್ತಗೆ ಬೀಳುತ್ತಿದ್ದವು. ಎಲ್ಲೂ ಸೋರಿಕೆಯಿಲ್ಲ, ಎಚ್ಚರಿಕೆ ದೀಪವೂ ಇಲ್ಲ. ಆದರೂ ಪಿಕಪ್ ಸತ್ತುಹೋಗಿತ್ತು. ನಿಂತಲ್ಲಿಂದ ಹೊರಡುವಾಗ ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗೆ. 60-65 ಕಿಮೀ ವೇಗದಲ್ಲಿ ಆಕ್ಸೆಲರೇಟರ್ ಒತ್ತಿದರೆ ಎಂಜಿನ್ ಗುಂಯ್‌ಗುಡುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಏಳುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಅನುಮಾನವೂ ಮೊದಲು ಹೊಸ ಕನ್ವರ್ಟರ್ ಮೇಲೆಯೇ. ಆದರೆ ಅದನ್ನು ಬಿಚ್ಚಿ ನೋಡಬೇಕೆಂದರೆ ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು, ಮತ್ತು 4ಎಲ್80ಇ ಹಳೆಯದಕ್ಕಿಂತ ಸುಮಾರು 40 ಕೆಜಿ ಹೆಚ್ಚು ಭಾರ. ಹಾಗಾಗಿ ಇಳಿಸುವ ಮಾತನ್ನು ಕಟ್ಟಕಡೆಗೆ ಇಟ್ಟುಕೊಂಡು, ಮೊದಲು ಕಾಗದದ ಮೇಲೆ ಲೆಕ್ಕ, ಆಮೇಲೆ ಸ್ಕ್ಯಾನರ್‌ನಲ್ಲಿ ಲಾಗ್, ಆಮೇಲೆ ಗಾಡಿಯ ಕೆಳಗೆ ಟಾರ್ಚ್ ಹಿಡಿದು ಹುಡುಕಾಟ ಎಂದು ಹೊರಟೆ.

ಲೆಕ್ಕದಲ್ಲೇ ಅರ್ಧ ಉತ್ತರ ಸಿಕ್ಕಿತು. 4ಎಲ್60ಇಯ ಅನುಪಾತಗಳು 3.06, 1.63, 1.00, 0.70. 4ಎಲ್80ಇಯವು 2.48, 1.48, 1.00, 0.75. ಮೊದಲ ಗೇರನ್ನು ಆಕ್ಸಲ್‌ನಿಂದ ಗುಣಿಸಿ: ಮೊದಲು 3.06 × 3.73 = 11.41 ಇತ್ತು, ಈಗ 2.48 × 3.73 = 9.25. ಅಂದರೆ ಎಂಜಿನ್ ಅದೇ ಬಲ ಕೊಟ್ಟರೂ ಚಕ್ರಕ್ಕೆ ತಲುಪುವುದು ಶೇ. 19ರಷ್ಟು ಕಡಿಮೆ. ಇದು ಕೆಟ್ಟಿರುವುದಲ್ಲ, ಆ ಗೇರ್‌ಬಾಕ್ಸ್ ಇರುವುದೇ ಹಾಗೆ. ಇದರ ಮೇಲೆ ಕನ್ವರ್ಟರ್‌ನ ಬಲವೃದ್ಧಿಯನ್ನೂ ಗುಣಿಸಬೇಕು. ಹಳೆಯ ಕನ್ವರ್ಟರ್ ನಿಂತಲ್ಲಿ ಟಾರ್ಕನ್ನು 2.1 ಪಟ್ಟು ಮಾಡುತ್ತಿದ್ದು, ಹೊಸದು 1.8 ಪಟ್ಟು ಮಾತ್ರ ಮಾಡಿದರೆ ಕೊರತೆ ಶೇ. 30ರ ಆಚೆ ಹೋಗುತ್ತದೆ. ಹೆಚ್ಚು ಸ್ಟಾಲ್ ಇರುವ ಕನ್ವರ್ಟರ್ ಎಂಜಿನ್ನನ್ನು ಅದರ ಟಾರ್ಕ್ ಚೆನ್ನಾಗಿರುವ ವೇಗಕ್ಕೆ ಏರಲು ಬಿಟ್ಟು ಈ ನಷ್ಟವನ್ನು ತುಂಬಿಕೊಡಬೇಕು. ಎಂಜಿನ್ ಅಲ್ಲಿಗೆ ಏರದಿದ್ದರೆ ಎರಡೂ ಕಡೆಯಿಂದ ನಷ್ಟ. ಕನ್ವರ್ಟರ್ ಕೊಳ್ಳುವಾಗ ಸ್ಟಾಲ್ ಸಂಖ್ಯೆ ಒಂದನ್ನೇ ಕೇಳಿ ಬರುವುದು ತಪ್ಪು. ಸ್ಟಾಲ್ ಟಾರ್ಕ್ ಅನುಪಾತ ಎಷ್ಟು, ಯಾವ ಎಂಜಿನ್ನಿನ ಟಾರ್ಕ್ ಹಿಡಿದು ಆ ಸ್ಟಾಲ್ ಸಂಖ್ಯೆ ಹೇಳಿದ್ದಾರೆ ಎಂದೂ ಕೇಳಬೇಕು. ಜೋರಾದ ಎಂಜಿನ್ ಹಿಂದೆ 2400ಕ್ಕೆ ನಿಲ್ಲುವ ಕನ್ವರ್ಟರ್, ಸೌಮ್ಯ ಎಂಜಿನ್ ಹಿಂದೆ 2000ಕ್ಕೇ ನಿಂತುಬಿಡುತ್ತದೆ.

ಆದರೆ ಈ ಗಾಡಿಯ ಮಂಕುತನ ಶೇ. 19ಕ್ಕಿಂತ ಹೆಚ್ಚಾಗಿಯೇ ಕಾಣುತ್ತಿತ್ತು. ಆದ್ದರಿಂದ ಮೊದಲು ಖಚಿತ ಮಾಡಿಕೊಂಡದ್ದು, ಗಾಡಿ ನಿಜವಾಗಿ ಮೊದಲ ಗೇರಿನಲ್ಲೇ ಹೊರಡುತ್ತಿದೆಯೇ ಎಂಬುದನ್ನು. 4ಎಲ್60ಇಗೆ ಮೊದಲ ಗೇರ್ ಬೇಕಾದರೆ ಪಿಸಿಎಂ (ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ನಡೆಸುವ ಕಂಪ್ಯೂಟರ್) ಎ, ಬಿ ಎಂಬ ಎರಡೂ ಶಿಫ್ಟ್ ಸೊಲೆನಾಯ್ಡ್‌ಗಳಿಗೆ (ಗೇರ್ ಬದಲಿಸುವ ವಿದ್ಯುತ್ ವಾಲ್ವ್‌ಗಳಿಗೆ) ಕರೆಂಟ್ ಕೊಡುತ್ತದೆ. 4ಎಲ್80ಇಯಲ್ಲಿ ಎರಡೂ ಚಾಲೂ ಇದ್ದರೆ ಅದು ನಾಲ್ಕನೇ ಗೇರ್! ಅಲ್ಲಿ ಮೊದಲ ಗೇರಿಗೆ ಎ ಚಾಲೂ, ಬಿ ಬಂದ್ ಇರಬೇಕು. ಎರಡೂ ಬಂದ್ ಆದರೆ 4ಎಲ್80ಇ ಎರಡನೇ ಗೇರಿಗೆ ಹೋಗುತ್ತದೆ. ವೈರ್ ತುಂಡಾದಾಗ, ಫ್ಯೂಸ್ ಹೋದಾಗ ಅದು ಎರಡರಲ್ಲೇ ಉಳಿಯುವುದು ಇದಕ್ಕೇ. ಎರಡನೇ ಗೇರಿನಲ್ಲಿ ಹೊರಡುವ ಗಾಡಿ ಚಲಿಸುತ್ತದೆ, ಆದರೆ ಎಳೆತ ಶೇ. 40ರಷ್ಟು ಕಡಿಮೆ. ಪಿಸಿಎಂನೊಳಗಿನ ಗೇರ್‌ಬಾಕ್ಸ್ ಪ್ರೋಗ್ರಾಮನ್ನು 4ಎಲ್80ಇಯದಕ್ಕೆ ಬದಲಿಸಲೇಬೇಕು, ವೈರಿಂಗ್‌ನ ಪಿನ್‌ಗಳನ್ನೂ ಅದಕ್ಕೆ ಹೊಂದಿಸಬೇಕು. ಹೊರಗಿನಿಂದ ಕನೆಕ್ಟರ್ ಒಂದೇ ಥರ ಕಂಡಿತೆಂದು ಹಾಗೇ ಸಿಕ್ಕಿಸಿದರೆ ಕೆಲಸ ಕೆಟ್ಟಂತೆ.

ಪರೀಕ್ಷಿಸುವ ದಾರಿ ಸುಲಭ. 4ಎಲ್80ಇಯಲ್ಲಿ ಒಳಬರುವ ಶಾಫ್ಟ್‌ಗೆ ಒಂದು, ಹೊರಹೋಗುವ ಶಾಫ್ಟ್‌ಗೆ ಒಂದು ವೇಗ ಸೆನ್ಸರ್ ಇವೆ. ಸ್ಕ್ಯಾನರ್‌ನಲ್ಲಿ ಎರಡನ್ನೂ ಒಟ್ಟಿಗೆ ತೆರೆದು, 20 ಕಿಮೀ ವೇಗದಲ್ಲಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.48 ಬರಬೇಕು. ಈ ಟೈರ್, ಈ ಆಕ್ಸಲ್‌ಗೆ ಹೊರಹೋಗುವ ಶಾಫ್ಟ್ ಸುಮಾರು 490 ಆರ್‌ಪಿಎಂ, ಒಳಬರುವುದು ಸುಮಾರು 1220. ಎರಡನೇ ಗೇರ್ ಆಗಿದ್ದರೆ ಅದು 730ರ ಹತ್ತಿರ ತೋರಿಸುತ್ತಿತ್ತು. ನನಗೆ ಬಂದದ್ದು 2.48. ವೇಗ ಸೆನ್ಸರ್, ಸೊಲೆನಾಯ್ಡ್‌ಗಳ ದೋಷ ಹೇಳುವ ಪಿ0717, ಪಿ0722, ಪಿ0748, ಪಿ0753, ಪಿ0758 ಯಾವ ಕೋಡೂ ಇರಲಿಲ್ಲ. ಗೇರ್ ಸರಿ, ಕ್ಲಚ್ ಜಾರುತ್ತಿಲ್ಲ ಎಂದು ಅಲ್ಲಿಗೆ ಸ್ಪಷ್ಟವಾಯಿತು.

ಮುಂದಿನದು ಸ್ಟಾಲ್ ಪರೀಕ್ಷೆ. ಆಯಿಲ್ ಪೂರ್ತಿ ಬಿಸಿಯಾಗಿರಬೇಕು, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು, ಗಾಡಿಯ ಮುಂದೆ ಹಿಂದೆ ಯಾರೂ ನಿಂತಿರಬಾರದು. ಬ್ರೇಕ್ ಬಲವಾಗಿ ತುಳಿದು, ಡಿಗೆ ಹಾಕಿ, ಆಕ್ಸೆಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಸೂಜಿ ಎಲ್ಲಿ ನಿಲ್ಲುತ್ತದೆ ನೋಡಿ. ಐದು ಸೆಕೆಂಡ್ ದಾಟಬಾರದು. ಆಯಿಲ್ ಕ್ಷಣಮಾತ್ರದಲ್ಲಿ ಕಾಯುತ್ತದೆ. ಪ್ರತಿ ಸಲದ ನಂತರ ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ಎಂಜಿನ್ ಓಡಿಸಿ ತಣಿಸಬೇಕು. ಚಕ್ರ ಜಾರಿದರೆ ಅಲ್ಲಿಗೇ ಬಿಡಬೇಕು. ಬಂದ ಅಂಕಿ 1550. ಬ್ರೇಕ್ ಹಿಡಿದು ಅಳೆದಾಗ ಕನ್ವರ್ಟರ್ ಮೇಲೆ ಬರೆದ ಸಂಖ್ಯೆಗಿಂತ ಕಡಿಮೆ ಬರುವುದು ಸಹಜ, ಆದರೆ ಇಷ್ಟು ಕಡಿಮೆ ಅಲ್ಲ.

ಸ್ಟಾಲ್ ಇಷ್ಟು ತಗ್ಗಿದ್ದರೆ ಕಾರಣ ಎರಡೇ. ಒಂದೋ ಕನ್ವರ್ಟರ್‌ನೊಳಗೆ ಸ್ಟೇಟರ್‌ನ (ಆಯಿಲ್‌ನ ಹರಿವು ತಿರುಗಿಸಿ ಟಾರ್ಕ್ ಹೆಚ್ಚಿಸುವ ಚಕ್ರದ) ಒಂದೇ ದಿಕ್ಕಿನ ಕ್ಲಚ್ ಹಿಡಿಯುತ್ತಿಲ್ಲ, ಇಲ್ಲವೇ ಎಂಜಿನ್ ಆ ಹೊತ್ತಿನಲ್ಲಿ ತನ್ನ ಬಲ ಕೊಡುತ್ತಿಲ್ಲ. ಸ್ಟೇಟರ್ ಹಿಡಿಯದಿದ್ದರೆ ಆಯಿಲ್ ತಿರುಗಿ ಬಂದು ಎಂಜಿನ್ನಿಗೇ ಅಡ್ಡ ನಿಲ್ಲುತ್ತದೆ, ಬಲವೃದ್ಧಿ ಇಲ್ಲವಾಗುತ್ತದೆ; ಹೊರಡುವಾಗ ಸತ್ತಂತಿದ್ದು, ವೇಗ ಹಿಡಿದ ಮೇಲೆ ಗಾಡಿ ಮಾಮೂಲಾಗುತ್ತದೆ. ಸ್ಟೇಟರ್ ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಅದರ ತಿರುಗುಮುರುಗು: ಹೊರಡುವುದು ಚೆನ್ನಾಗಿ, ಹೆದ್ದಾರಿಯಲ್ಲಿ ಮಂಕು, ಆಯಿಲ್ ವಿಪರೀತ ಬಿಸಿ. ಈ ಗಾಡಿ ಎರಡಕ್ಕೂ ಹೊಂದುತ್ತಿರಲಿಲ್ಲ. ಎರಡನೇ ಗೇರಿನಲ್ಲಿ 3500 ಆರ್‌ಪಿಎಂ ದಾಟಿದಾಗಲೂ ಎಳೆತ ಮಂಕಾಗಿಯೇ ಇತ್ತು. ಹಾಗಾದರೆ ತಪ್ಪು ಎಂಜಿನ್ ಕಡೆಯದು.

ಲಾಗ್‌ನಲ್ಲಿ ಐದು ಸಾಲುಗಳನ್ನು ಒಟ್ಟಿಗೆ ಇಟ್ಟೆ: ಥ್ರಾಟಲ್ ಶೇಕಡ, ಗಾಳಿಯ ಹರಿವು, ಎರಡೂ ಬ್ಯಾಂಕ್‌ಗಳ (ಎಡ-ಬಲ ಸಿಲಿಂಡರ್ ಸಾಲುಗಳ) ಫ್ಯೂಯೆಲ್ ಟ್ರಿಮ್ ಅಂದರೆ ಪಿಸಿಎಂ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಶೇಕಡ, ಸ್ಪಾರ್ಕ್ ಟೈಮಿಂಗ್ ಅಂದರೆ ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರುತ್ತದೆ ಎಂಬುದು, ನಾಕ್ ರಿಟಾರ್ಡ್ ಅಂದರೆ ನಾಕ್ (ಸಿಲಿಂಡರಿನಲ್ಲಿ ಪೆಟ್ರೋಲ್ ಅಕಾಲದಲ್ಲಿ ಸಿಡಿಯುವ ಬಡಿತ) ಕಂಡಾಗ ಪಿಸಿಎಂ ಟೈಮಿಂಗ್ ಇಳಿಸುವ ಪ್ರಮಾಣ. ಥ್ರಾಟಲ್ ನೂರಕ್ಕೆ ನೂರು ತೆರೆಯುತ್ತಿತ್ತು. ಗಾಳಿ ಪೂರ್ತಿ ಥ್ರಾಟಲ್‌ನಲ್ಲಿ ಸೆಕೆಂಡಿಗೆ 200 ಗ್ರಾಂ ದಾಟುತ್ತಿತ್ತು. ಲೀಟರಿಗೆ ಸುಮಾರು 40 ಗ್ರಾಂ ಎಂಬ ಅಂದಾಜಿಗೆ ಸರಿ. ಟ್ರಿಮ್‌ಗಳೂ ಸೊನ್ನೆಯ ಆಸುಪಾಸು. ಒಂದು ಬ್ಯಾಂಕ್ ಶೇ. 25 ಮೇಲಕ್ಕೂ ಇನ್ನೊಂದು ಅಷ್ಟೇ ಕೆಳಕ್ಕೂ ಓಡಿದ್ದರೆ ಎಡ-ಬಲ ಆಕ್ಸಿಜನ್ ಸೆನ್ಸರ್‌ಗಳ ಕನೆಕ್ಟರ್ ಅದಲುಬದಲಾಗಿದೆ ಎಂದರ್ಥ. ಗೇರ್‌ಬಾಕ್ಸ್ ಇಳಿಸಿ ಹತ್ತಿಸಿದ ಮೇಲೆ ಇದು ಆಗಾಗ ಕಾಣುವ ತಪ್ಪು. ತಪ್ಪು ಸಿಕ್ಕಿದ್ದು ಟೈಮಿಂಗ್‌ನಲ್ಲಿ. 22 ಡಿಗ್ರಿ ಹತ್ತಿರ ಇರಬೇಕಾದ ಕಡೆ 11, 12. ನಾಕ್ ರಿಟಾರ್ಡ್ 6ರಿಂದ 8 ಡಿಗ್ರಿ.

ನಾಕ್ ನಿಜವೋ ಸುಳ್ಳೋ? ಇದಕ್ಕೊಂದು ಒಳ್ಳೆಯ ಉಪಾಯವಿದೆ. ನ್ಯೂಟ್ರಲ್‌ನಲ್ಲಿ 3500ರವರೆಗೆ ಏರಿಸಿದೆ: ರಿಟಾರ್ಡ್ ಸೊನ್ನೆ. ಡಿಯಲ್ಲಿ ಬ್ರೇಕ್ ಹಿಡಿದು ಒತ್ತಿದೆ: ಒತ್ತಿದ ಕ್ಷಣವೇ 6 ಡಿಗ್ರಿ. ಅದೇ ಕೆಲಸ ರಿವರ್ಸ್‌ನಲ್ಲಿ: ಸೊನ್ನೆ. ಡಿಯಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಒಂದು ಕಡೆಗೆ ಹೊರಳುತ್ತವೆ, ರಿವರ್ಸ್‌ನಲ್ಲಿ ಇನ್ನೊಂದು ಕಡೆಗೆ. ನಿಜವಾದ ನಾಕ್‌ಗೆ ದಿಕ್ಕಿನ ಹಂಗಿಲ್ಲ. ದಿಕ್ಕು ನೋಡಿ ಬರುವುದು ಏನೋ ಎಲ್ಲಿಗೋ ತಗಲುವ ಸದ್ದು. ಸಿಲಿಂಡರ್ ಬ್ಲಾಕ್‌ನ ಮೇಲೆ ಕೂತ ನಾಕ್ ಸೆನ್ಸರ್ ಅದನ್ನೇ ನಾಕ್ ಎಂದುಕೊಳ್ಳುತ್ತದೆ.

ಕೆಳಗೆ ಮಲಗಿ ನೋಡಿದಾಗ ಗುರುತು ಅಲ್ಲೇ ಇತ್ತು. 4ಎಲ್80ಇ ಉದ್ದ ಹೆಚ್ಚಾದ್ದರಿಂದ ಗೇರ್‌ಬಾಕ್ಸ್ ಹೊರುವ ಅಡ್ಡ ತೊಲೆಯನ್ನು ಹಿಂದಕ್ಕೆ ಸರಿಸಿದ್ದೆ. ಸೈಲೆನ್ಸರ್ ಪೈಪ್ ಅದರ ಮೇಲೆ ಹಾದು ಹೋಗುವಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ತುಕ್ಕೆಲ್ಲ ಉಜ್ಜಿಹೋಗಿ ಬೆಳ್ಳಗೆ ಹೊಳೆಯುತ್ತಿತ್ತು, ತೊಲೆಯ ಬಣ್ಣವೂ ಅದರ ಎದುರಿಗೇ ಕಿತ್ತಿತ್ತು. ಎಂಜಿನ್ ನಿಂತಾಗ ಎರಡರ ನಡುವೆ ಮಡಿಸಿದ ಕಾಗದ ಸಲೀಸಾಗಿ ಹೋಗುತ್ತದೆ, ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಲೋಡ್ ಬಿದ್ದು ಹೊರಳಿದಾಗ ಮಾತ್ರ ಬಡಿಯುತ್ತದೆ. ತೊಲೆಯ ಆ ಅಂಚನ್ನು ಕತ್ತರಿಸಿ, ಒಳಗೆ ದಪ್ಪ ತಗಡು ಬೆಸೆದು ಬಲಪಡಿಸಿ, 15 ಮಿಮೀ ಅಂತರ ಬಿಟ್ಟೆ. 5-6 ಮಿಮೀ ಸಾಲದು. ರಬ್ಬರ್ ಮೌಂಟ್ ಹಳತಾದಂತೆ ಹೊರಳುವುದೂ ಹೆಚ್ಚುತ್ತದೆ.

ಪೈಪ್ ಬಿಡಿಸಿದ ಕೂಡಲೇ ಟೈಮಿಂಗ್ ಪೂರ್ತಿ ವಾಪಸ್ ಬರಲಿಲ್ಲ. ಈ ಪಿಸಿಎಂನಲ್ಲಿ ಹೈ ಆಕ್ಟೇನ್, ಲೋ ಆಕ್ಟೇನ್ ಎಂದು ಎರಡು ಟೈಮಿಂಗ್ ಕೋಷ್ಟಕಗಳಿವೆ. ನಾಕ್ ಮತ್ತೆ ಮತ್ತೆ ಕಂಡರೆ ಪೆಟ್ರೋಲ್ ಕಳಪೆ ಎಂದುಕೊಂಡು ಅದು ಮೆಲ್ಲಮೆಲ್ಲನೆ ಟೈಮಿಂಗ್ ಕಡಿಮೆಯಿರುವ ಲೋ ಆಕ್ಟೇನ್ ಕೋಷ್ಟಕಕ್ಕೆ ವಾಲುತ್ತದೆ, ಅದನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ತಂತಿ ಬಿಚ್ಚಿ ಆ ನೆನಪು ಅಳಿಸಿದ ಮೇಲೆ ಟೈಮಿಂಗ್ 22ಕ್ಕೆ ಬಂತು. ಬ್ರೇಕ್ ಹಿಡಿದ ಸ್ಟಾಲ್ 1900ಕ್ಕೇರಿತು. ನಿಧಾನಕ್ಕೆ ಸಾಗುತ್ತ ಒಮ್ಮೆಲೇ ಪೂರ್ತಿ ಒತ್ತಿದಾಗ ಸೂಜಿ 2300ರ ಮೇಲೆ ಹಾರಿ ನಿಲ್ಲುತ್ತಿತ್ತು. ಕನ್ವರ್ಟರ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಉಳಿದದ್ದು 60-65 ಕಿಮೀಯ ಗುಂಯ್‌ಗುಡುವಿಕೆ. ಕನ್ವರ್ಟರ್ ಲಾಕ್ (ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜಾರದಂತೆ ನೇರ ಕಟ್ಟುವ ಕ್ಲಚ್) ನಾಲ್ಕನೇ ಗೇರಿನಲ್ಲಿ 65ಕ್ಕೇ ಬೀಳುತ್ತಿತ್ತು. ಲಾಕ್ ಆದಾಗ ಎಂಜಿನ್ 1200 ಆರ್‌ಪಿಎಂ. ಆ ವೇಗದಲ್ಲಿ 5.3 ಲೀಟರ್ ಎಂಜಿನ್ ಈ ತೂಕದ ಗಾಡಿಯನ್ನು ಎಳೆಯಲು ತಿಣುಕುವುದು ಸಹಜವೇ, ಲಾಕ್ ಆದ ಮೇಲೆ ಕನ್ವರ್ಟರ್‌ನಿಂದ ಸಹಾಯವೂ ಇಲ್ಲ. ಲಾಕನ್ನು 80ಕ್ಕೆ ಏರಿಸಿದೆ, ಆಕ್ಸೆಲರೇಟರ್ ಶೇ. 35 ದಾಟಿದರೆ ಬಿಟ್ಟುಕೊಡುವಂತೆ ಮಾಡಿದೆ, ನಾಲ್ಕರಿಂದ ಮೂರಕ್ಕೆ ಇಳಿಯುವುದನ್ನು ಸ್ವಲ್ಪ ಬೇಗ ಆಗುವಂತೆ ತಿದ್ದಿದೆ. ಗೇರ್ ಬದಲಾಗುವ ಕ್ಷಣಕ್ಕೆ ಪಿಸಿಎಂ ಟೈಮಿಂಗ್ ಇಳಿಸುವ ಟಾರ್ಕ್ ಮ್ಯಾನೇಜ್‌ಮೆಂಟನ್ನು ಪೂರ್ತಿ ತೆಗೆಯಲಿಲ್ಲ, ಅರ್ಧಕ್ಕೆ ಇಳಿಸಿದೆ. ಕ್ಲಚ್‌ಗಳ ಬಾಳಿಕೆಗೆ ಅದು ಬೇಕು.

ಇವೆಲ್ಲದರ ಜೊತೆ ಕೆಲವು ಸಣ್ಣ ತಪಾಸಣೆಗಳೂ ಆಗಬೇಕು. ಆಯಿಲ್ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ಪಾರ್ಕ್‌ನಲ್ಲಿ, ಬಿಸಿಯಾದ ಮೇಲೆ ನೋಡಬೇಕು. ಖಾಲಿ 4ಎಲ್80ಇಗೆ ಕನ್ವರ್ಟರ್ ಸೇರಿ ಸುಮಾರು 13 ಲೀಟರ್ ಹಿಡಿಯುತ್ತದೆ, ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ನೊರೆ ಬಂದು ಆಗಲೂ ಜಾರುತ್ತದೆ. ಫ್ಲೆಕ್ಸ್‌ಪ್ಲೇಟ್‌ಗೆ (ಎಂಜಿನ್ ಹಿಂದೆ ತಿರುಗುವ ತಟ್ಟೆಗೆ) ಬೋಲ್ಟ್ ಬಿಗಿಯುವ ಮೊದಲು ಕನ್ವರ್ಟರ್ 3ರಿಂದ 5 ಮಿಮೀ ಮುಂದಕ್ಕೆ ಬರುವಂತಿರಬೇಕು. ಎಂಜಿನ್ನಿಂದ ಶಾಸಿಗೆ ಹೋಗುವ ಅರ್ಥ್ ಪಟ್ಟಿ ಮತ್ತೆ ಬಿಗಿಯಾಗಿದೆಯೇ? ತೊಲೆ ಸರಿಸುವಾಗ ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಕೊಂಡಿಲ್ಲವೇ? ಎಳೆದುಕೊಂಡು ಬ್ರೇಕ್ ಉಜ್ಜುತ್ತಿದ್ದರೆ, ಸ್ವಲ್ಪ ದೂರ ಓಡಿಸಿ ಹಿಂದಿನ ಎರಡೂ ಚಕ್ರಗಳ ಹತ್ತಿರ ಕೈ ಹಿಡಿದಾಗ ಬಿಸಿ ತಿಳಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪುಡಿಯಾಗಿ ಕಟ್ಟಿಕೊಂಡಿರುವ ಅನುಮಾನವಿದ್ದರೆ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ. 2500 ಆರ್‌ಪಿಎಂನಲ್ಲಿ 20 ಕಿಲೋಪಾಸ್ಕಲ್ ದಾಟಿದರೆ ಹೊಗೆ ಹೊರಹೋಗಲು ದಾರಿಯಿಲ್ಲ ಎಂದೇ ತಿಳಿಯಬೇಕು.

ಕೊನೆಗೆ ಉಳಿದದ್ದು ಆ ಶೇ. 19. ಅದಕ್ಕೆ ಮದ್ದು ಆಕ್ಸಲ್‌ನಲ್ಲಿ ಮಾತ್ರ ಇದೆ. ಹಳೆಯ ಎಳೆತ ಪೂರ್ತಿ ಬೇಕಾದರೆ 4.56 ಕ್ರೌನ್-ಪಿನಿಯನ್ ಹಾಕಬೇಕು. ಆಗ 100 ಕಿಮೀಗೆ ಎಂಜಿನ್ 2260ರಲ್ಲಿ ಓಡುತ್ತದೆ. 4.10 ಹಾಕಿದರೆ 2030, ಮೊದಲ ಗೇರಿನ ಕೊರತೆ ಶೇ. 11ಕ್ಕೆ ಇಳಿಯುತ್ತದೆ. ದಿನವೂ ಭಾರ ಎಳೆಯುವ ಗಾಡಿಯಾದರೆ 4.56ನ್ನೇ ಹೇಳುತ್ತೇನೆ. ಇದಕ್ಕೆ 4.10 ಸಾಕೆನಿಸಿತು, ಉಳಿದ ಕೊರತೆಯನ್ನು ಕನ್ವರ್ಟರ್ ತುಂಬಿಕೊಡುತ್ತಿದೆ. ಆಕ್ಸಲ್ ಬದಲಿಸಿದ ದಿನವೇ ವೇಗದ ಅಳತೆಯನ್ನೂ ಪಿಸಿಎಂನಲ್ಲಿ ತಿದ್ದಬೇಕು. ಹೊರಹೋಗುವ ಶಾಫ್ಟ್‌ನ ವೇಗ ಸೆನ್ಸರ್ ಓದುವ 40 ಹಲ್ಲಿನ ಚಕ್ರಕ್ಕೆ ಕಿಮೀಗೆ ಸುಮಾರು 59,070 ಪಲ್ಸ್ ಇದ್ದದ್ದು 64,930 ಆಗುತ್ತದೆ. ತಿದ್ದದಿದ್ದರೆ ಮೀಟರ್ ಶೇ. 10 ಹೆಚ್ಚು ತೋರಿಸುತ್ತದೆ, 80ಕ್ಕೆ ಬೀಳಬೇಕಾದ ಲಾಕ್ 73ಕ್ಕೇ ಬೀಳುತ್ತದೆ.