ನಂಬಿಕೆ ಇರುವಾಗಲೇ ನಿಯಮ ಬರೆದಿಡಿ: ನಿವಾಸಿಗಳ ಸಂಘ ಕಟ್ಟಿದ ನನ್ನ ಅನುಭವ

ನಮ್ಮ ಸಂಘದ ಮೊದಲ ಖಜಾಂಚಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ಹೋದ ಮೇಲೇ ನಮಗೆ ಹೊಳೆದದ್ದು, ಸಂಘದ ಹಣವೆಲ್ಲ ಅವರ ಸ್ವಂತ ಖಾತೆಯಲ್ಲೇ ಇದೆ ಅಂತ. ಅವರು ತುಂಬಾ ಪ್ರಾಮಾಣಿಕರು. ಒಂದು ಕಾಸೂ ಬಿಡದೆ ಲೆಕ್ಕ ಒಪ್ಪಿಸಿದರು. ಆದರೆ ಹಣ ನಮ್ಮ ಕೈಗೆ ಬರಲು 40 ದಿನ ಹಿಡಿಯಿತು. ಅಷ್ಟು ದಿನ ಕಾವಲುಗಾರರ ಸಂಬಳವನ್ನು ನಾವು ನಾಲ್ಕು ಜನ ಕೈಯಿಂದ ಹಾಕಿದೆವು.

ಯಾರೂ ಮೋಸ ಮಾಡಿರಲಿಲ್ಲ. 'ನಾಳೆ ಇವರು ಇಲ್ಲದಿದ್ದರೆ ಹೇಗೆ?' ಅಂತ ಶುರುವಿನಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೇ. ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಅನ್ನುವ ಸಂಕೋಚ. ಆರು ವರ್ಷ ಕಾರ್ಯದರ್ಶಿಯಾಗಿದ್ದ ನನಗೆ ಈಗ ಅನಿಸುವುದು ಇದು: ಎಲ್ಲರೂ ಒಬ್ಬರನ್ನೊಬ್ಬರು ನಂಬುತ್ತಿರುವಾಗಲೇ ನಿಯಮ ಬರೆದುಬಿಡಬೇಕು. ಜಗಳ ಬಂದ ಮೇಲೆ ಬರೆಯಲು ಕುಳಿತರೆ ಪ್ರತಿ ಸಾಲೂ ಯಾರದೋ ವಿರುದ್ಧ ಬರೆದ ಹಾಗೆ ಕಾಣುತ್ತದೆ.

ನಮ್ಮದು ನಾಲ್ಕು ಬೀದಿ, 84 ಮನೆ. ಮಳೆ ಬಂದರೆ ಚರಂಡಿ ಉಕ್ಕಿ ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗುತ್ತಿತ್ತು. ಒಬ್ಬೊಬ್ಬರೇ ಹೋಗಿ ದೂರು ಕೊಟ್ಟು ಸಾಕಾಗಿತ್ತು. ನಾವು ಐದು ಜನ ಸೇರಿ ಮನೆಮನೆಗೆ ಹೋದೆವು. 'ಸಂಘ ಮಾಡ್ತಿದೀವಿ, ಸದಸ್ಯರಾಗಿ' ಅಂತ ಮೊದಲ ದಿನ ಹೇಳಿ ನೋಡಿದೆವು. ಜನ ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಎರಡನೇ ದಿನದಿಂದ ಒಂದೇ ಪ್ರಶ್ನೆ ಕೇಳಿದೆವು: 'ಈ ಬೀದಿಯಲ್ಲಿ ನಿಮಗೆ ಏನು ತೊಂದರೆ?' ಉತ್ತರಗಳನ್ನು ಅವರ ಎದುರಿಗೇ ಬರೆದುಕೊಂಡೆವು. ಮೇಲಿನ ಬೀದಿಯವರಿಗೆ ಚರಂಡಿಯ ಚಿಂತೆಯೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಬೀದಿ ದೀಪ. ಆ ಪಟ್ಟಿ ನೋಡಿದ ಮೇಲೆ ಮೊದಲ ವರ್ಷದ ಕೆಲಸ ಎರಡು ಅಂತ ತೀರ್ಮಾನಿಸಿದೆವು, ಚರಂಡಿ ಮತ್ತು ದೀಪ. ದೀಪ ಇಲ್ಲದಿದ್ದರೆ ಅರ್ಧ ಮನೆಗಳು ನಮ್ಮ ಜೊತೆ ಬರುತ್ತಲೇ ಇರಲಿಲ್ಲ.

ಆಮೇಲೆ ಏಳು ಜನರ ತಾತ್ಕಾಲಿಕ ಸಮಿತಿ ಬೈಲಾ, ಅಂದರೆ ಸಂಘದ ನಿಯಮಾವಳಿ, ಬರೆಯಲು ಕುಳಿತಿತು. ನೋಂದಣಿಯ ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಕರಡು ಸಿದ್ಧವಾದ ಮೇಲೆ ಒಬ್ಬ ವಕೀಲರಿಗೆ ತೋರಿಸಿದರೆ ಆ ಭಾಗ ಮುಗಿಯಿತು. ನಿಜವಾಗಿ ಹೊತ್ತು ತಿಂದದ್ದು ಒಂದು ಸಾಲು: ಸದಸ್ಯರು ಅಂದರೆ ಯಾರು?

ಇದರ ಮೇಲೆ ಮೂರು ವಾರ ಚರ್ಚೆಯಾಯಿತು. ಎರಡು ಮೂರು ಮನೆ ಇದ್ದವರು ಮನೆಗೊಂದರಂತೆ ಮತ ಕೇಳಿದರು. ದೊಡ್ಡ ನಿವೇಶನದವರು ಚಂದಾ ಜಾಸ್ತಿ ಕೊಡುತ್ತೇವೆ, ಮತವೂ ಜಾಸ್ತಿ ಬೇಕು ಅಂದರು. ಬಾಡಿಗೆದಾರರ ಹೆಸರು ಎತ್ತಿದರೆ ಕೆಲವರಿಗೆ ಸಿಟ್ಟೇ ಬರುತ್ತಿತ್ತು. ಆಗ ಸಮಿತಿಯಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಇಂಗ್ಲೆಂಡಿನ ರಾಚ್‌ಡೇಲ್ ಸಹಕಾರ ಸಂಘದ ಕಥೆ ಹೇಳಿದರು. 1844ರಲ್ಲಿ ಅಲ್ಲಿನ ನೇಕಾರರೂ ಇತರ ಕೆಲಸಗಾರರೂ ಸೇರಿ ಒಂದು ಅಂಗಡಿ ತೆರೆದರು. ಯಾರ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯರಿಗೆ ಒಂದೇ ಮತ ಅಂತ ಇಟ್ಟುಕೊಂಡರು. ಇವತ್ತಿಗೂ ಸಹಕಾರ ಸಂಘಗಳ ತಳಹದಿ ಅದೇ. 'ಹೆಚ್ಚು ಇರುವವರಿಗೆ ಹೆಚ್ಚು ಮತ ಕೊಟ್ಟರೆ ಉಳಿದವರು ಸಭೆಗೆ ಯಾಕೆ ಬರಬೇಕು ಹೇಳಿ' ಅಂತ ಅವರು ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಕೊನೆಗೆ ಮಾಡಿದ್ದು ಹೀಗೆ. ಒಂದು ಮನೆಗೆ ಒಂದು ಮತ. ದಿನನಿತ್ಯದ ವಿಷಯಗಳಲ್ಲಿ, ಅಂದರೆ ಕಾವಲು, ಕಸ, ದೀಪ, ವಾಹನ ನಿಲ್ಲಿಸುವ ಜಾಗ, ಇಂಥವುಗಳಲ್ಲಿ ಆ ಮನೆಯಲ್ಲಿ ವಾಸ ಇರುವವರೇ ಮತ ಹಾಕುತ್ತಾರೆ, ಬಾಡಿಗೆದಾರರಾದರೂ ಸರಿ. ಶಾಶ್ವತ ಆಸ್ತಿ, ವಿಶೇಷ ವಂತಿಗೆ ಮತ್ತು ಬೈಲಾ ತಿದ್ದುಪಡಿಗೆ ಮಾತ್ರ ಮಾಲೀಕರ ಮತ. ಈ ಒಂದು ತೀರ್ಮಾನದಿಂದ ನಮಗೆ ಸಿಕ್ಕ ಕೆಲಸಗಾರರನ್ನು ಲೆಕ್ಕ ಹಾಕಿದರೆ ಖುಷಿಯಾಗುತ್ತದೆ. ದೀಪದ ಕೆಲಸ ಪೂರ್ತಿ ಹೊತ್ತು ಓಡಾಡಿದವರು ಇಬ್ಬರೂ ಬಾಡಿಗೆ ಮನೆಯವರೇ.

ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಎಷ್ಟು ಜನ ಇರಬೇಕು ಅನ್ನುವ ವಿಷಯದಲ್ಲಿ ಮಾತ್ರ ನಾವು ದೊಡ್ಡ ತಪ್ಪು ಮಾಡಿದೆವು. ಮೊದಲ ಸಭೆಗೆ 70 ಮನೆಯವರು ಬಂದಿದ್ದರು. ಆ ಉತ್ಸಾಹದಲ್ಲಿ ಸರ್ವ ಸದಸ್ಯರ ಸಭೆಗೆ ಅರ್ಧದಷ್ಟು ಜನ, ಅಂದರೆ 42 ಮನೆ, ಇರಲೇಬೇಕು ಅಂತ ಬರೆದುಬಿಟ್ಟೆವು. ಮುಂದಿನ ವಾರ್ಷಿಕ ಸಭೆಗೆ ಬಂದದ್ದು 31. ಹಾಗಂತ ಜನ ಬೇಸತ್ತಿರಲಿಲ್ಲ. ಚರಂಡಿ ಸರಿಯಾಗಿತ್ತು, ಹಾಗಾಗಿ ಮನೆಯಲ್ಲಿ ನೆಮ್ಮದಿಯಾಗಿ ಕುಳಿತಿದ್ದರು! ಕೆಲಸ ಚೆನ್ನಾಗಿ ಆದಷ್ಟೂ ಸಭೆಗೆ ಬರುವವರು ಕಡಿಮೆಯಾಗುತ್ತಾರೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈಗ ನೋಡಿ ಸಿಕ್ಕು. ಕೋರಂ ಇಲ್ಲದೆ ಲೆಕ್ಕಪತ್ರಕ್ಕೆ ಒಪ್ಪಿಗೆ ಸಿಗುವುದಿಲ್ಲ, ಹೊಸ ಸಮಿತಿಯ ಚುನಾವಣೆಯೂ ಇಲ್ಲ. ಕೋರಂ ಇಳಿಸೋಣ ಎಂದರೆ ಬೈಲಾ ತಿದ್ದಬೇಕು. ಅದಕ್ಕೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ, 56 ಮತ ಬೇಕು. ಸಭೆ ಮುಂದೂಡಿದರೆ ಏನು ಮಾಡಬೇಕು ಅನ್ನುವುದನ್ನು ನಾವು ಬರೆದೇ ಇರಲಿಲ್ಲ. ಎರಡು ತಿಂಗಳು ಮನೆಮನೆ ಸುತ್ತಿ, ಒಬ್ಬೊಬ್ಬರಿಗೂ ಬಿಡುವಾದ ಹೊತ್ತು ಕೇಳಿ, ಒಂದು ಸಭೆ ಕರೆದೆವು. 59 ಜನ ಬಂದರು. ಎಲ್ಲರೂ ಕೈ ಎತ್ತಿದರು. ಇಲ್ಲದಿದ್ದರೆ ಸಂಘ ಕಾಗದದ ಮೇಲೆ ಮಾತ್ರ ಉಳಿಯುತ್ತಿತ್ತು.

ಈಗಿನ ನಿಯಮ ಇದು: ಕೋರಂ ನಾಲ್ಕನೇ ಒಂದು ಭಾಗ, 21 ಮನೆ. ಅಷ್ಟೂ ಸೇರದಿದ್ದರೆ ಒಂದು ವಾರ ಬಿಟ್ಟು ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಕಾರ್ಯಸೂಚಿಯ ಮೇಲೆ ಮತ್ತೆ ಸಭೆ. ಆಗ ಬಂದವರೇ ಕೋರಂ. ಆದರೆ ಮುಂದೂಡಿದ ಸಭೆಯಲ್ಲಿ ಬೈಲಾ ತಿದ್ದುವ ಹಾಗಿಲ್ಲ, ದೊಡ್ಡ ಖರ್ಚಿಗೆ ಒಪ್ಪಿಗೆ ಕೊಡುವ ಹಾಗಿಲ್ಲ. ಈ ಕೊನೆಯ ಮಾತು ಸೇರಿಸದಿದ್ದರೆ ಹತ್ತು ಜನ ಸೇರಿ ಇಡೀ ಸಂಘವನ್ನೇ ಬದಲಾಯಿಸಿಬಿಡಬಹುದು.

ಹಣದ ವಿಷಯಕ್ಕೆ ಮತ್ತೆ ಬರುತ್ತೇನೆ. ಖಜಾಂಚಿ ಹೋದ ಮೇಲೆ ಸಂಘದ ಹೆಸರಿನಲ್ಲೇ ಖಾತೆ ತೆರೆದೆವು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಈ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಬೇಕು. ಈ ಮೂವರು ಒಂದೇ ಮನೆಯವರು ಅಥವಾ ಹತ್ತಿರದ ನೆಂಟರು ಆಗಿರಬಾರದು. ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿಡುವುದು ಬೇಡವೇ ಬೇಡ. ಎಲ್ಲರೂ ಅದನ್ನು 'ಸುಮ್ನೆ ಅನುಕೂಲಕ್ಕೆ' ಅಂತ ಮಾಡುತ್ತಾರೆ. ಎರಡು ಸಹಿ ಕೇಳಿದ್ದು ಯಾಕೆ ಅನ್ನುವುದೇ ಆಗ ಮರೆತುಹೋಗುತ್ತದೆ.

ರಸೀದಿ ಪುಸ್ತಕಕ್ಕೆ ಅಚ್ಚಾದ ಕ್ರಮಸಂಖ್ಯೆ ಇರಬೇಕು. ತಪ್ಪಾದ ರಸೀದಿ ಹರಿದು ಬಿಸಾಡಬಾರದು. ಮೇಲೆ 'ರದ್ದು' ಅಂತ ಬರೆದು ಪುಸ್ತಕದಲ್ಲೇ ಬಿಡಬೇಕು. ಚಿಲ್ಲರೆ ಖರ್ಚಿಗೆ ಖಜಾಂಚಿಯ ಕೈಯಲ್ಲಿ ಗೊತ್ತುಮಾಡಿದ ಮೊತ್ತ ಮಾತ್ರ ಇರುತ್ತದೆ. ಖಾಲಿಯಾದಾಗ ವೋಚರ್ ತೋರಿಸಿ ಅಷ್ಟನ್ನೇ ಮತ್ತೆ ತುಂಬಿಸಿಕೊಳ್ಳುತ್ತಾರೆ. ಪಾಸ್‌ಬುಕ್ ಮತ್ತು ನಗದು ಪುಸ್ತಕ ತಾಳೆ ನೋಡುವವರು ಸಮಿತಿಯ ಹೊರಗಿನ ಒಬ್ಬ ಸದಸ್ಯರು. ಮೂರು ತಿಂಗಳಿಗೊಮ್ಮೆ ಜಮಾ ಖರ್ಚನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಒಂದೇ ಹಾಳೆ, ದೊಡ್ಡ ಅಕ್ಷರ. ಹಾಕಿದ ಮೊದಲ ಸಲವೇ ವಯಸ್ಸಾದ ಒಬ್ಬರು ಅರ್ಧ ಗಂಟೆ ನಿಂತು ಓದಿ, ಕೂಡಿಕೆಯಲ್ಲಿ ಒಂದು ತಪ್ಪು ಹಿಡಿದರು. ಮುಂದಿನ ವರ್ಷ ಅವರನ್ನೇ ತಾಳೆ ನೋಡಲು ಆರಿಸಿದೆವು.

ಬಾಕಿ ಉಳಿಸಿಕೊಂಡವರ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಚಂದಾ ಕೊಡದವರ ಹೆಸರು ಬೋರ್ಡಿಗೆ ಹಾಕಿ ಅಂತ ಸಮಿತಿಯಲ್ಲಿ ಬಹಳ ಒತ್ತಾಯ ಇತ್ತು. ನಾನೂ ಒಪ್ಪಿದ್ದೆ. ಪಟ್ಟಿ ಅಂಟಿಸುವ ಹಿಂದಿನ ಸಂಜೆ ಮನಸ್ಸು ತಡೆಯದೆ ಅದರಲ್ಲಿದ್ದ ಒಂದು ಮನೆಗೆ ಹೋದೆ. ಆ ಮನೆಯವರಿಗೆ ಐದು ತಿಂಗಳಿಂದ ಕೆಲಸ ಇರಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಟ್ಟಿಯನ್ನು ಅಲ್ಲೇ ಮಡಚಿಟ್ಟೆ.

ಆಮೇಲೆ ಎಲಿನಾರ್ ಆಸ್ಟ್ರಮ್ ಬಗ್ಗೆ ಓದಿದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಆ ಬಹುಮಾನ ಪಡೆದ ಮೊದಲ ಮಹಿಳೆ. ಕೆರೆ ಕಾಲುವೆಯ ನೀರು, ಮೀನು, ಕಾಡು, ಹುಲ್ಲುಗಾವಲು ಇಂಥವನ್ನು ಜನ ತಾವೇ ಸೇರಿ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಅವರು ವರ್ಷಗಟ್ಟಲೆ ನೋಡಿದ್ದರು. ಬಹುಕಾಲ ಬಾಳಿದ ಇಂಥ ವ್ಯವಸ್ಥೆಗಳಲ್ಲಿ ಅವರು ಕಂಡ ಒಂದು ಗುಣ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ತಪ್ಪಿಗೆ ತೀರಾ ಚಿಕ್ಕದು, ಮತ್ತೆ ಮತ್ತೆ ಮಾಡಿದರೆ ದೊಡ್ಡದು. ನಾವೂ ಹಾಗೇ ಬರೆದೆವು. ಮೊದಲು ಕಾರ್ಯದರ್ಶಿ ಒಬ್ಬರೇ ಹೋಗಿ ಮಾತಾಡಿಸಬೇಕು. ಕಷ್ಟ ಇದ್ದರೆ ಕಂತು, ಅದು ಹೊರಗೆ ಯಾರಿಗೂ ತಿಳಿಯಬಾರದು. ಉತ್ತರವೇ ಇಲ್ಲದಿದ್ದರೆ ಪತ್ರ. ಆಮೇಲೆ ಬಾಕಿ ತೀರುವ ತನಕ ಮತ ಇಲ್ಲ. ನೀರು, ದೀಪ, ಕಾವಲು ಇವನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸುವ ಹಾಗಿಲ್ಲ. ಮೂರು ವರ್ಷದಲ್ಲಿ ಪತ್ರದ ಹಂತಕ್ಕೆ ಹೋದದ್ದು ಎರಡು ಮನೆ ಮಾತ್ರ.

ಸಭೆ ನಡೆಸುವುದೂ ಕಲಿಯಬೇಕಾದ ಕೆಲಸವೇ. ಅಮೆರಿಕದ ಸೇನೆಯ ಎಂಜಿನಿಯರ್ ಹೆನ್ರಿ ರಾಬರ್ಟ್ 1863ರಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಿ, ಅದು ಗದ್ದಲದಲ್ಲಿ ಕೈಮೀರಿ ಹೋದದ್ದಕ್ಕೆ ಬೇಸರಪಟ್ಟರು. ಆಮೇಲೆ ಅಭ್ಯಾಸ ಮಾಡಿ 1876ರಲ್ಲಿ ಸಭಾ ನಿಯಮಗಳ ಪುಸ್ತಕವನ್ನೇ ಹೊರತಂದರು. ಅಷ್ಟೆಲ್ಲ ನಿಯಮ 84 ಮನೆಗೆ ಬೇಡ. ನಾವು ಇಟ್ಟುಕೊಂಡದ್ದು ಎರಡು. ಒಂದು ವಿಷಯ ಮುಗಿಯದೆ ಇನ್ನೊಂದು ಎತ್ತಬಾರದು. ಮಾತಾಡಬೇಕು ಅನ್ನುವ ಎಲ್ಲರಿಗೂ ಒಂದು ಸರದಿ ಸಿಗುವ ತನಕ ಯಾರೂ ಎರಡನೇ ಸಲ ಮಾತಾಡಬಾರದು. ಎರಡನೆಯದರಿಂದ ಮೂರೇ ಸಭೆಗಳಲ್ಲಿ ಹೆಂಗಸರ ದನಿ ಜಾಸ್ತಿ ಕೇಳತೊಡಗಿತು.

ನಡಾವಳಿ ಬರೆಯುವುದರಲ್ಲಿ ನಾನು ಎಡವಿದ್ದನ್ನೂ ಹೇಳಬೇಕು. ಶುರುವಿನಲ್ಲಿ ಯಾರು ಯಾರಿಗೆ ಏನಂದರು ಅನ್ನುವುದನ್ನೆಲ್ಲ ಬರೆಯುತ್ತಿದ್ದೆ. ವಾಹನ ನಿಲ್ಲಿಸುವ ಜಗಳದಲ್ಲಿ ಸಿಟ್ಟಿನಲ್ಲಿ ಬಂದ ಒಂದು ಮಾತನ್ನೂ ಬರೆದೆ. ಮುಂದಿನ ಸಭೆಯಲ್ಲಿ ಅದನ್ನು ಓದಿದಾಗ, ಆ ಹೊತ್ತಿಗೆ ರಾಜಿಯಾಗಿದ್ದ ಎರಡು ಮನೆಯವರು ಮತ್ತೆ ಮಾತು ಬಿಟ್ಟರು. ಅವತ್ತಿನಿಂದ ನಡಾವಳಿಯಲ್ಲಿ ಇರುವುದು ನಿರ್ಣಯ, ಸೂಚಕರು, ಅನುಮೋದಕರು, ಪರ ಎಷ್ಟು, ವಿರೋಧ ಎಷ್ಟು, ಕೆಲಸ ಯಾರದ್ದು, ಯಾವಾಗಿನ ಒಳಗೆ. ಅಷ್ಟೇ ಸಾಕು. ಜಗಳ ಬಿಡಿಸಲು ಸಮಿತಿಯ ಹೊರಗಿನ ಮೂವರನ್ನು ಪ್ರತಿ ವರ್ಷ ಆರಿಸುತ್ತೇವೆ. ಅವರ ಮುಂದೆ ಆಡಿದ ಮಾತು ಎಲ್ಲೂ ದಾಖಲಾಗುವುದಿಲ್ಲ.

ಅಧಿಕಾರದ ಅವಧಿ ಎರಡು ವರ್ಷ. ಪ್ರತಿ ವರ್ಷ ಸಮಿತಿಯ ಅರ್ಧ ಜನ ಇಳಿಯುತ್ತಾರೆ, ಅರ್ಧ ಜನ ಉಳಿಯುತ್ತಾರೆ. ಹಾಗಾಗಿ ಹಳೆಯದನ್ನು ಬಲ್ಲವರು ಯಾವಾಗಲೂ ಇರುತ್ತಾರೆ. ಒಬ್ಬರು ಸತತ ಮೂರು ಅವಧಿಗಿಂತ ಹೆಚ್ಚು ಇರುವ ಹಾಗಿಲ್ಲ. ಈ ನಿಯಮ ಬರೆದವನು ನಾನೇ. ನನ್ನ ಮೂರನೇ ಅವಧಿ ಮುಗಿಯುವಾಗ 'ನೀವಿಲ್ಲದಿದ್ದರೆ ಆಗಲ್ಲ, ಒಂದು ತಿದ್ದುಪಡಿ ಮಾಡೋಣ' ಅಂತ ಹತ್ತಾರು ಜನ ಬಂದು ಹೇಳಿದರು. ಆಸೆ ಆಗಲಿಲ್ಲ ಅಂದರೆ ಸುಳ್ಳು. ಎರಡು ದಿನ ಯೋಚಿಸಿ ಬೇಡ ಅಂದೆ. ಹೊಸ ಕಾರ್ಯದರ್ಶಿಯ ಜೊತೆ ಒಂದು ತಿಂಗಳು ಕುಳಿತು ಎಲ್ಲ ಪಟ್ಟಿ ಮಾಡಿದೆ: ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರ್, ನೋಂದಣಿ ಪತ್ರ, ಬೀಗದ ಕೈಗಳು, ಪಾಸ್‌ವರ್ಡ್‌ಗಳು, ನಡೆಯುತ್ತಿರುವ ಕೆಲಸಗಳು, ಯಾವ ದೂರಿಗೆ ಯಾವಾಗ ಉತ್ತರ ಬರಬೇಕು ಅನ್ನುವುದು. ಇಬ್ಬರೂ ಸಹಿ ಹಾಕಿದೆವು.

ಮೊನ್ನೆಯ ವಾರ್ಷಿಕ ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಬೈಲಾ ತಿದ್ದುಪಡಿಗೆ ಬಾಡಿಗೆದಾರರಿಗೂ ಮತ ಇರಬೇಕು ಅನ್ನುವ ಬೇಡಿಕೆಯನ್ನು ಹೊಸ ಸಮಿತಿ ಚರ್ಚೆಗೆ ತಂದಿತು. ಅವತ್ತು ತೀರ್ಮಾನ ಇರಲಿಲ್ಲ, ಜನರ ಮನಸ್ಸು ತಿಳಿಯಲು ಕೈ ಎತ್ತಿಸಿದರು ಅಷ್ಟೇ. ನನಗೆ ಅದು ಅವಸರ ಅನಿಸಿತು. ನನ್ನ ಸರದಿಯಲ್ಲಿ ಎದ್ದು ಹೇಳಿದೆ. ಪರ 37, ವಿರೋಧ 9. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ತಿರುವಿ ನೋಡಿದೆ. ನನ್ನ ಮಾತು ಅದರಲ್ಲಿ ಇರಲಿಲ್ಲ. ಅಂಕಿ ಎರಡೂ ಸರಿಯಾಗಿದ್ದವು, ಆ 9ರಲ್ಲಿ ಒಂದು ನನ್ನದು.